ಬಿಲ್ಡಿಂಗ್ ಬಿದ್ದಾಗ ಒಂದು ಮಾತು, ಓಸಿ ಕೇಳಿದಾಗ ಇನ್ನೊಂದು ಮಾತು: ಜನಕ್ಕೆ ಸೇಫ್ಟಿ ಬೇಕಾ ಬೇಡ್ವಾ?

ಪ್ರಶ್ನೆ: ಸರ್, ಬೆಂಗಳೂರಲ್ಲಿ 20×30 ಸೈಟಲ್ಲಿ ಮನೆ ಕಟ್ಟಿಸೋಕೆ ಹೊರಟಿದೀನಿ, ಗ್ರೌಂಡ್ ಪ್ಲಸ್ ಎರಡು, ಮುಂದೆ ದುಡ್ಡಾದ್ರೆ ಇನ್ನೊಂದು ಫ್ಲೋರು. ಫೇಸ್‌ಬುಕ್ಕು, ವಾಟ್ಸಾಪ್ ಗ್ರೂಪು ನೋಡಿದ್ರೆ ತಲೆ ಕೆಡತ್ತೆ. ಎಲ್ಲೋ ಬಿಲ್ಡಿಂಗ್ ಬಿತ್ತು ಅಂದ್ರೆ ಓನರ್ನ ಒಳಗೆ ಹಾಕಿ, ಇಂಜಿನಿಯರ್ನ ಒಳಗೆ ಹಾಕಿ ಅಂತ ಕಮೆಂಟೋ ಕಮೆಂಟು. ಅದೇ ಜನ ಓಸಿ (ಕಟ್ಟಡ ಪ್ಲಾನ್ ಪ್ರಕಾರ ಇದೆ, ವಾಸ ಮಾಡ್ಬಹುದು ಅಂತ ಕೊಡೋ ಆಕ್ಯುಪೆನ್ಸಿ ಸರ್ಟಿಫಿಕೇಟ್) ಇಲ್ದೆ ಕರೆಂಟಿಲ್ಲ ಅಂದಾಗ ಬಡವರ ಹೊಟ್ಟೆ ಮೇಲೆ ಹೊಡೀತಿದಾರೆ ಅಂತ ಬರೀತಾರೆ. ಜನಕ್ಕೆ ಸೇಫ್ಟಿ ಬೇಕಾ ಬೇಡ್ವಾ? ಈ ರೂಲ್ಸಿಂದ ಉಪಯೋಗ ಇದ್ಯಾ, ಇಲ್ಲ ಬರೀ ದುಡ್ಡು ಕೀಳೋ ದಾರಿನಾ? ನಾನೇನ್ ಮಾಡ್ಲಿ?

ಉತ್ತರ: ಎರಡೂ ಥರ ಬರೆಯೋರು ಬಹಳಷ್ಟು ಸಲ ಒಂದೇ ಜನ, ಅದು ನಿಜ. ನಾನೂ ಸ್ಟ್ರಕ್ಚರಲ್ ಇಂಜಿನಿಯರ್ ಆಗಿ ಈ ಕಮೆಂಟ್‌ಗಳನ್ನ ಓದ್ತಾ ಇರ್ತೀನಿ, ಆದ್ರೆ ಅವ್ರನ್ನ ಎರಡು ನಾಲಿಗೆಯವ್ರು ಅಂತ ಬೈಯೋಕೆ ನಂಗೆ ಮನಸ್ಸು ಬರಲ್ಲ, ಯಾಕಂದ್ರೆ ನಮ್ಮೂರಲ್ಲಿ ಮನೆ ಕಟ್ಟೋ ಒಬ್ಬ ಸಾಮಾನ್ಯ ಮನುಷ್ಯನಿಗೆ ರೂಲ್ಸು ಅನ್ನೋದು ಸೇಫ್ಟಿ ರೂಪದಲ್ಲಿ ಒಂದ್ ಸಲನೂ ಎದುರಿಗೆ ಬಂದೇ ಇಲ್ಲ. ಬಂದಿದ್ದೆಲ್ಲ ಫೈಲು, ಫೀಸು, ನೋಟಿಸು, ಸೈಟ್ ಹತ್ರ ಬೈಕಲ್ಲಿ ಬಂದು ಸುಮ್ನೆ ನಿಂತ್ಕೊಳೋ ಒಬ್ಬ ಮನುಷ್ಯ, ಇಷ್ಟೇ. ಪಾಯದ ಗುಂಡಿ ತೋಡಿದಾಗ ಅದ್ರೊಳಗೆ ಇಳಿದು ಮಣ್ಣು ಹೆಂಗಿದೆ ಅಂತ ನೋಡಿದ ಸರ್ಕಾರದ ಇಂಜಿನಿಯರನ್ನ ನೀವು ಕಂಡಿದೀರಾ? ನಿಮ್ಮ ಬೀದಿಯಲ್ಲಿ ಮನೆ ಕಟ್ಟಿಸಿದೋರನ್ನ ಕೇಳಿ ನೋಡಿ.

ಒಂದೇ ವರ್ಷದಲ್ಲಿ ನಮ್ಮ ಕಣ್ಣೆದುರಿಗೇ ಏನೇನಾಯ್ತು ನೋಡಿ, ಆಗ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಗತ್ತೆ. 2024ರ ಅಕ್ಟೋಬರ್ 22, ಬೆಂಗಳೂರಲ್ಲಿ ಜೋರು ಮಳೆ, ಬಾಬುಸಾಪಾಳ್ಯದಲ್ಲಿ ಕಟ್ತಾ ಇದ್ದ ಬಹುಮಹಡಿ ಕಟ್ಟಡ ಕುಸಿದು ಬಿತ್ತು, ಒಂಬತ್ತು ಜನ ಸತ್ರು. ಅನುಮತಿ ಸಿಕ್ಕಿದ್ದಕ್ಕಿಂತ ಹೆಚ್ಚು ಮಹಡಿ ಏರಿಸಿದ್ರು ಅನ್ನೋದು ಆಮೇಲೆ ಹೊರಗೆ ಬಂತು. ಜಾಲತಾಣ ಪೂರ್ತಿ ಕೊತಕೊತ ಕುದೀತು, ಅಧಿಕಾರಿಗಳು ಕಣ್ಮುಚ್ಚಿ ಕೂತಿದ್ರಾ, ಇಂಥ ಬಿಲ್ಡಿಂಗನ್ನೆಲ್ಲ ಉರುಳಿಸಿ ಅಂತ. ಎರಡು ತಿಂಗಳಾಗಿಲ್ಲ, ಡಿಸೆಂಬರ್ 17ಕ್ಕೆ ಸುಪ್ರೀಂ ಕೋರ್ಟ್ ಮೀರತ್ತಿನ ಒಂದು ಅಕ್ರಮ ಕಟ್ಟಡದ ಕೇಸಲ್ಲಿ ತೀರ್ಪು ಕೊಡ್ತಾ ಇಡೀ ದೇಶಕ್ಕೆ ಅನ್ವಯಿಸೋ ಹಾಗೆ ಸುಮಾರು ನಿರ್ದೇಶನ ಹೊರಡಿಸ್ತು: ಕಟ್ಟೋವಾಗ ಮಂಜೂರಾದ ಪ್ಲಾನ್ ಸೈಟಲ್ಲಿ ಎಲ್ಲರಿಗೂ ಕಾಣೋ ಹಾಗೆ ಹಾಕಿರ್ಬೇಕು, ಅಧಿಕಾರಿಗಳು ಆಗಾಗ ಬಂದು ತಪಾಸಣೆ ಮಾಡಿ ದಾಖಲೆ ಇಡ್ಬೇಕು, ಕಂಪ್ಲೀಷನ್ ಅಥವಾ ಆಕ್ಯುಪೆನ್ಸಿ ಸರ್ಟಿಫಿಕೇಟ್ ತೋರಿಸಿದ ಮೇಲೇನೇ ಕರೆಂಟು ನೀರು ಒಳಚರಂಡಿ, ಬ್ಯಾಂಕಿನೋರೂ ಅದನ್ನ ನೋಡೇ ಸಾಲ ಕೊಡ್ಬೇಕು. ಅಂದ್ರೆ ಅಕ್ಟೋಬರಲ್ಲಿ ಜನ ಕೇಳ್ತಿದ್ದ ಬಿಗಿ ಬಂತು, ಜೊತೆಗೆ ಅವ್ರು ಕೇಳದೇ ಇದ್ದ ತಪಾಸಣೆನೂ ಬಂತು.

ಆದ್ರೆ ಇದು ನೆಲಕ್ಕೆ ಇಳಿದಿದ್ದು ಹೆಂಗೆ ಅಂದ್ರೆ, ಆ ಪಟ್ಟಿಯಲ್ಲಿದ್ದ ತಪಾಸಣೆ, ಪ್ಲಾನ್ ಬೋರ್ಡು ಇವೆಲ್ಲ ಎಲ್ಲಿ ಹೋದ್ವೋ, 2025ರಲ್ಲಿ ಜನರ ಮನೆ ಬಾಗಿಲಿಗೆ ಮೊದಲು ಬಂದಿದ್ದು ಮಾತ್ರ ಓಸಿ ಇಲ್ಲ ಅಂದ್ರೆ ಹೊಸ ಕನೆಕ್ಷನ್ ಇಲ್ಲ ಅನ್ನೋ ಬೆಸ್ಕಾಂ ಮಾತು. ಮನೆ ಮುಗಿದಿದೆ, ಗೃಹಪ್ರವೇಶಕ್ಕೆ ದಿನ ನೋಡಾಗಿದೆ, ಬಾಡಿಗೆ ಮನೆ ಬಿಡ್ತೀವಿ ಅಂತ ಹೇಳಾಗಿದೆ, ಸಾಲದ ಕಂತು ಶುರುವಾಗಿದೆ, ಮೀಟರ್ ಮಾತ್ರ ಬರ್ತಿಲ್ಲ, ಕಟ್ಟೋವಾಗ ತಗೊಂಡಿದ್ದ ಟೆಂಪರರಿ ಕನೆಕ್ಷನ್ನಲ್ಲೇ ಜಾಸ್ತಿ ರೇಟು ಕಟ್ಕೊಂಡು ಒದ್ದಾಡ್ಬೇಕು. ಆಗ ಸಿಟ್ಟು ಬರ್ದೆ ಇರತ್ತಾ? ಕೊನೆಗೆ ಸರ್ಕಾರ ಅದೇ ವರ್ಷ 1,200 ಚದರಡಿವರೆಗಿನ ಸೈಟಲ್ಲಿ ಗ್ರೌಂಡ್ ಪ್ಲಸ್ ಎರಡು ಅಥವಾ ಸ್ಟಿಲ್ಟ್ (ಕೆಳಗೆ ಬರೀ ಪಿಲ್ಲರ್ ಇರೋ ಪಾರ್ಕಿಂಗ್ ಮಟ್ಟ) ಪ್ಲಸ್ ಮೂರರವರೆಗಿನ ವಾಸದ ಮನೆಗೆ ಓಸಿ ವಿನಾಯಿತಿ ಕೊಡ್ತು, ಜಾಲತಾಣದಲ್ಲಿ ಧನ್ಯವಾದದ ಪೋಸ್ಟರ್‌ಗಳು ಹರಿದಾಡಿದ್ವು, ಅಲ್ಲಿಗೆ ಕಥೆ ಮುಗೀತು. ಬಾಬುಸಾಪಾಳ್ಯದ ವಿಷ್ಯ ಅಷ್ಟೊತ್ತಿಗೆ ಯಾರ ನೆನಪಲ್ಲೂ ಇರ್ಲಿಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳ್ಬಿಡ್ತೀನಿ. ಜನರ ಸಿಟ್ಟು ಎರಡು ಸಲನೂ ನ್ಯಾಯವಾದದ್ದೇ, ಆದ್ರೆ ಎರಡು ಸಲನೂ ಕೇಳಿದ್ದು ತಪ್ಪು. ಮೊದಲನೇ ಸಲ ಶಿಕ್ಷೆ ಕೇಳಿದ್ರು, ಎರಡನೇ ಸಲ ವಿನಾಯಿತಿ ಕೇಳಿದ್ರು, ಮಧ್ಯದಲ್ಲಿ ಕೇಳ್ಬೇಕಾಗಿದ್ದ ತಪಾಸಣೆನ ಯಾರೂ ಕೇಳ್ಲಿಲ್ಲ. ಪಾಯ ಹಾಕೋವಾಗ, ಪಿಲ್ಲರ್ ಏಳೋವಾಗ, ಪ್ರತಿ ಮೋಲ್ಡಿಗೆ (ಕಾಂಕ್ರೀಟ್ ಸ್ಲಾಬ್ ಹಾಕೋದಕ್ಕೆ) ಮುಂಚೆ ಒಬ್ಬ ಜವಾಬ್ದಾರಿ ಇರೋ ಇಂಜಿನಿಯರ್ ಬಂದು ನೋಡಿ ಸಹಿ ಹಾಕ್ಬೇಕು, ಏನಾದ್ರೂ ಆದ್ರೆ ಅವನು ಉತ್ತರ ಕೊಡ್ಬೇಕು, ಇದು ನಮ್ಮ ಬೇಡಿಕೆ ಆಗ್ಬೇಕಿತ್ತು. ಓಸಿ ಅನ್ನೋದು ಬರೋದು ಎಲ್ಲಾ ಮುಗಿದ ಮೇಲೆ, ಪ್ಲಾಸ್ಟರು ಪೇಂಟು ಆಗಿರತ್ತೆ, ಒಳಗೆ ಕಂಬಿ ಎಷ್ಟಿದೆ ಅಂತ ಆಗ ಯಾವ ಕಣ್ಣಿಗೂ ಕಾಣಲ್ಲ. ಆ ಹೊತ್ತಲ್ಲಿ ಟೇಪ್ ಹಿಡಿದು ಅಳೆಯೋಕೆ ಆಗೋದು ಕಟ್ಟಡದ ಸುತ್ತ ಖಾಲಿ ಬಿಡೋ ಜಾಗ ಅಂದ್ರೆ ಸೆಟ್‌ಬ್ಯಾಕು, ಎತ್ತರ, ಪಾರ್ಕಿಂಗು, ಅಷ್ಟೇ. ಹಂಗಾಗಿ ಜನಕ್ಕೆ ರೂಲ್ಸು ಅಂದ್ರೆ ಸೆಟ್‌ಬ್ಯಾಕು ಅಂತಾನೇ ತಲೇಲಿ ಕೂತುಬಿಟ್ಟಿದೆ, ಅಕ್ಕಪಕ್ಕ ಮೂರಡಿ ಬಿಡ್ಲಿಲ್ಲ ಅಂತ ಮನೆ ಬೀಳುತ್ತಾ ಸಾರ್ ಅಂತ ಕೇಳ್ತಾರೆ, ಅವ್ರ ದೃಷ್ಟಿಯಲ್ಲಿ ಅದು ಸರಿಯಾದ ಪ್ರಶ್ನೆನೇ.

ಬೀಳಲ್ಲ, ನಿಜ. ಆದ್ರೆ ಸೆಟ್‌ಬ್ಯಾಕ್ ಇರೋದು ಬೇರೆ ಕೆಲಸಕ್ಕೆ. ಪಕ್ಕದ ಸೈಟೋರು ನಾಳೆ ಪಾಯ ತೋಡಿದಾಗ ನಿಮ್ಮ ಫುಟಿಂಗ್ (ಪಿಲ್ಲರ್ ಅಡಿಯ ಪಾಯ) ಕೆಳಗಿನ ಮಣ್ಣು ಜಾರದೇ ಇರ್ಲಿ ಅಂತ, ಬೆಂಕಿ ಬಿದ್ರೆ ಹೊಗೆ ಹೋಗೋಕೆ ಜಾಗ, ಏಣಿ ಇಡೋಕೆ ಜಾಗ ಇರ್ಲಿ ಅಂತ. 2025ರ ಆಗಸ್ಟಲ್ಲಿ ನಗರ್ತಪೇಟೆಯಲ್ಲಿ ಆಗಿದ್ದು ನೆನಪಿದ್ಯಾ, ಕೆಳಗೆ ಮ್ಯಾಟ್ ಅಂಗಡಿ ಗೋಡೌನು, ಮೇಲೆ ಸಂಸಾರ, ಬೆಂಕಿ ಹತ್ಕೊಂಡು ಮಕ್ಕಳೂ ಸೇರಿ ಐದು ಜನ ಹೋದ್ರು. ಆ ಪೇಟೆ ಗಲ್ಲಿಗಳಲ್ಲಿ ಬಿಲ್ಡಿಂಗ್ ಬಿಲ್ಡಿಂಗಿಗೆ ಅಂಟ್ಕೊಂಡಿದೆ, ಫೈರ್ ಇಂಜಿನ್ ಹತ್ರ ತರೋದೇ ಕಷ್ಟ. 2010ರ ಫೆಬ್ರವರಿ 23ಕ್ಕೆ ಹಳೇ ಏರ್‌ಪೋರ್ಟ್ ರಸ್ತೆ ಕಾರ್ಲ್ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಸತ್ತಾಗ್ಲೂ ಕಟ್ಟಡ ಏನೂ ಬಿದ್ದಿರ್ಲಿಲ್ಲ, ಹೊಗೆ ಮೇಲಕ್ಕೆ ತುಂಬ್ಕೊಂಡು ಹೊರಗೆ ಹೋಗೋ ದಾರಿ ಸಿಗದೇ ಜನ ಕಿಟಕಿಯಿಂದ ಹಾರಿದ್ರು. ಆ ಘಟನೆಯಲ್ಲಿ ಮಗನನ್ನ ಕಳ್ಕೊಂಡ ಉದಯ್ ವಿಜಯನ್ ಅವರು ಬಿಯಾಂಡ್ ಕಾರ್ಲ್ಟನ್ ಅಂತ ಸಂಸ್ಥೆ ಮಾಡಿ ಬೆಂಕಿ ಸುರಕ್ಷತೆಗೆ ಅಂತಾನೇ ಕೆಲಸ ಮಾಡ್ಕೊಂಡು ಬಂದಿದಾರೆ, ಎರಡು ದಿನದ ಟ್ರೆಂಡ್ ಮುಗಿದ ಮೇಲೂ ಬಿಡದೇ ಹಿಡ್ಕೊಂಡಿರೋದು ಅಂದ್ರೆ ಅದು.

ಈಗ ನಿಮ್ಮ 'ಮುಂದೆ ದುಡ್ಡಾದ್ರೆ ಇನ್ನೊಂದು ಫ್ಲೋರು' ಅನ್ನೋ ವಿಷ್ಯಕ್ಕೆ ಬರ್ತೀನಿ, ಇದು ನಂಗೆ ಎಲ್ಲಕ್ಕಿಂತ ಭಯ ಹುಟ್ಟಿಸೋ ವಾಕ್ಯ. ಲೆಕ್ಕ ಹಾಕೋಣ. 20×30 ಅಂದ್ರೆ 600 ಚದರಡಿ, ಸುಮಾರು 56 ಚದರ ಮೀಟರು. ಐದಿಂಚಿನ ಮೋಲ್ಡು ಒಂದೇ 17 ಟನ್ ಚಿಲ್ಲರೆ ತೂಗತ್ತೆ, ಕಾಂಕ್ರೀಟು ಒಂದು ಕ್ಯೂಬಿಕ್ ಮೀಟರಿಗೆ ಎರಡೂವರೆ ಟನ್. ಅದ್ರ ಮೇಲೆ ಆರಿಂಚಿನ ಸುತ್ತುಗೋಡೆ, ಒಳಗಿನ ನಾಲ್ಕಿಂಚಿನ ಗೋಡೆ, ಬೀಮು, ಟೈಲ್ಸು, ಜನ, ಬೀರು, ಮಂಚ, ಮೇಲೊಂದು ನೀರಿನ ಟ್ಯಾಂಕು ಎಲ್ಲ ಸೇರಿಸಿದ್ರೆ ಒಂದು ಫ್ಲೋರಿಗೆ 60-70 ಟನ್ ಆರಾಮಾಗಿ ಆಗತ್ತೆ. ಲೋಡ್ ಆಗಿರೋ ದೊಡ್ಡ ಟಿಪ್ಪರ್ ಎರಡನ್ನ ನಿಮ್ಮ ತಾರಸಿ ಮೇಲೆ ತಂದು ನಿಲ್ಲಿಸಿದಷ್ಟು, ಅದೂ ಶಾಶ್ವತವಾಗಿ. ಇಷ್ಟೂ ತೂಕ ಎಂಟೋ ಒಂಬತ್ತೋ ಪಿಲ್ಲರ್ ಹಿಡ್ಕೊಂಡು ಕೆಳಗಿಳಿದು ಫುಟಿಂಗಿಗೆ, ಅಲ್ಲಿಂದ ಮಣ್ಣಿಗೆ ಹೋಗ್ಬೇಕು. ಎರಡು ಫ್ಲೋರಿಗೆ ಅಂತ ಹಾಕಿದ ಫುಟಿಂಗು ಮೂರನೇದು ನಾಲ್ಕನೇದು ಏರಿಸಿದ ದಿನವೇ ಬಿದ್ದುಬಿಡತ್ತೆ ಅಂತೇನಿಲ್ಲ, ಅದೇ ದೊಡ್ಡ ಮೋಸ, ಡಿಸೈನಲ್ಲಿ ಸ್ವಲ್ಪ ಮಾರ್ಜಿನ್ ಇಟ್ಟಿರ್ತೀವಲ್ಲ ಅದನ್ನ ತಿಂದ್ಕೊಂಡು ನಿಂತಿರತ್ತೆ, ನೋಡಿದೋರು ಏನಾಯ್ತು ನಾಲ್ಕು ಫ್ಲೋರ್ ಕಟ್ಟಿದಾರೆ ಗಟ್ಟಿಯಾಗೇ ಇದೆ ಅಂತಾರೆ, ಒಂದು ಮಳೆಗಾಲ ಪಕ್ಕದ ಡ್ರೈನೇಜ್ ಪೈಪ್ ಒಡೆದು ಪಾಯದ ಮಣ್ಣು ನೆನೆಯತ್ತೆ, ಆಗ ಮಾರ್ಜಿನ್ ಅಂತ ಏನೂ ಉಳಿದಿರಲ್ಲ.

2021ರ ಸೆಪ್ಟೆಂಬರಲ್ಲಿ ಲಕ್ಕಸಂದ್ರದಲ್ಲಿ ಹಳೇ ಬಿಲ್ಡಿಂಗ್ ಒಂದು ಹಗಲು ಹೊತ್ತಲ್ಲೇ ಕುಸಿದಿದ್ದು, ಅದ್ರ ವಿಡಿಯೋ ಎಲ್ಲರ ಫೋನಿಗೂ ಬಂದಿತ್ತು. ಒಳಗಿದ್ದ ಮೆಟ್ರೋ ಕೆಲಸಗಾರರು ಮೊದಲೇ ಹೊರಗೆ ಬಂದಿದ್ರಿಂದ ಬಚಾವಾದ್ರು. ಮುಂದಿನ ತಿಂಗಳು ಕಮಲಾನಗರದಲ್ಲಿ ಇನ್ನೊಂದು ಬಿಲ್ಡಿಂಗ್ ವಾಲಿತು, ರಾತ್ರೋರಾತ್ರಿ ಜನರನ್ನ ಖಾಲಿ ಮಾಡಿಸಿ ಆಮೇಲೆ ಕೆಡವಿದ್ರು. ಎರಡರಲ್ಲೂ ಜೀವ ಉಳಿದಿದ್ದು ಬಿಲ್ಡಿಂಗ್ ಕೊಟ್ಟ ಸೂಚನೆನ ಯಾರೋ ಗಮನಿಸಿದ್ರಿಂದ. ಆ ವಿಡಿಯೋಗಳಿಗೆ ಬಂದ ಕಮೆಂಟಲ್ಲಿ ಅಯ್ಯೋ ಎಂಥ ದೃಶ್ಯ ಅನ್ನೋದೇ ಜಾಸ್ತಿ ಇತ್ತು, ನಮ್ಮ ಬಿಲ್ಡಿಂಗಲ್ಲಿ ಏನು ನೋಡ್ಬೇಕು ಅಂತ ಕೇಳಿದೋರು ಕಡಿಮೆ.

ಅದಕ್ಕೇ ಈ ಮಾತು: ಬಿರುಕಿನ ಫೋಟೋ ವಾಟ್ಸಾಪಲ್ಲಿ ಕಳಿಸಿ 'ಏನೂ ಆಗಲ್ಲ ಅಲ್ವಾ ಸಾರ್' ಅಂತ ಕೇಳೋರು ತುಂಬ ಜನ. ಪ್ರಶ್ನೆ ಒಳಗೇ ಉತ್ತರ ಇಟ್ಟು ಕೇಳ್ತಾರೆ, ಪಾಪ, ಹೆದರಿಕೆಯಿಂದ. ಪ್ಲಾಸ್ಟರಲ್ಲಿ ಜೇಡರ ಬಲೆ ಥರ ಕೂದಲೆಳೆ ಗೆರೆಗಳಿದ್ರೆ ಸಾಮಾನ್ಯವಾಗಿ ಚಿಂತೆ ಇಲ್ಲ, ಗೋಡೆಲಿ ಓರೆಯಾಗಿ ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಹೋಗ್ತಿದ್ರೆ ಪಾಯ ಒಂದು ಕಡೆ ಕೂರ್ತಾ ಇರ್ಬಹುದು, ಪಿಲ್ಲರಲ್ಲೋ ಪಿಲ್ಲರ್ ಬೀಮ್ ಸೇರೋ ಜಾಗದಲ್ಲೋ ಬಿರುಕು ಬಿಟ್ಟು ಕಾಂಕ್ರೀಟ್ ಉದುರಿ ಕಂಬಿ ಕಾಣ್ತಿದ್ರೆ, ಇದ್ದಕ್ಕಿದ್ದ ಹಾಗೆ ಬಾಗಿಲು ಕಿಟಕಿ ಹಾಕೋಕೆ ಆಗ್ತಿಲ್ಲ ಅಂದ್ರೆ, ಫೋಟೋ ಕಳಿಸ್ತಾ ಕೂರ್ಬೇಡಿ, ಮೊದಲು ಮನೆಯೋರನ್ನ ಕರ್ಕೊಂಡು ಹೊರಗೆ ಬಂದು ಇಂಜಿನಿಯರಿಗೆ ಫೋನ್ ಮಾಡಿ. ಫೋಟೋ ನೋಡಿ 'ಏನಾಗಲ್ಲ ಬಿಡಿ' ಅನ್ನೋ ಇಂಜಿನಿಯರನ್ನ ನಂಬ್ಲೂಬೇಡಿ.

ಇನ್ನೊಂದು ವಿಷ್ಯ, ಇದು ನಂಗೆ ತುಂಬಾ ನೋವು ಕೊಡೋದು. ಜಾಲತಾಣದಲ್ಲಿ ಜನಾಭಿಪ್ರಾಯ ಅಂತ ನಾವು ಓದೋದು ಬಹುಮಟ್ಟಿಗೆ ಸೈಟ್ ಇರೋರ ಅಭಿಪ್ರಾಯ. ಬಾಬುಸಾಪಾಳ್ಯದಲ್ಲಿ ಸತ್ತೋರು ಬಿಹಾರ, ಆಂಧ್ರ, ತಮಿಳುನಾಡು ಹಿಂಗೆ ಬೇರೆ ಬೇರೆ ಕಡೆಯಿಂದ ಬಂದ ಕೆಲಸಗಾರರು. ಅವ್ರು ಕಟ್ತಾ ಇದ್ದ ಬಿಲ್ಡಿಂಗಿನ ಪ್ಲಾನು ಅವ್ರು ನೋಡಿರಲ್ಲ, ಎಷ್ಟು ಫ್ಲೋರಿಗೆ ಅನುಮತಿ ಇದೆ ಅಂತ ಅವ್ರಿಗೆ ಯಾರೂ ಹೇಳಿರಲ್ಲ. 2019ರ ಮಾರ್ಚ್ 19ಕ್ಕೆ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟಡ ಕುಸಿದು 19 ಜನ ಹೋದ್ರಲ್ಲ, ಅದೂ ಇನ್ನೂ ಕೆಲಸ ನಡೀತಿದ್ದ ಕಟ್ಟಡನೇ, ಕೆಳಗೆ ಆಗ್ಲೇ ಅಂಗಡಿಗಳು ಶುರುವಾಗಿದ್ವು. ಮೂರನೇ ಫ್ಲೋರಲ್ಲಿ ಬಾಡಿಗೆಗೆ ಇರೋನು, ಪೀಜಿಯಲ್ಲಿರೋ ಹುಡುಗಿ, ರಾತ್ರಿ ಸೈಟಲ್ಲೇ ಮಲಗೋ ವಾಚ್‌ಮನ್ ಸಂಸಾರ, ಇವ್ರು ಯಾರೂ ಓಸಿ ವಿನಾಯಿತಿಗೆ ಧನ್ಯವಾದ ಹೇಳಿದ ಪೋಸ್ಟರಲ್ಲಿ ಇರ್ಲಿಲ್ಲ. ಸಣ್ಣ ಸೈಟಿನೋರು ಬಡವರು, ಅವ್ರಿಗೆ ರೂಲ್ಸ್ ಬೇಡ ಅನ್ನೋ ವಾದ ನಂಗೆ ಒಪ್ಪಿಗೆ ಆಗದೇ ಇರೋದು ಇದಕ್ಕೇ, ಯಾಕಂದ್ರೆ ದೊಡ್ಡ ಅಪಾರ್ಟ್‌ಮೆಂಟಿಗೆ ಹೆಂಗೋ ಸ್ಟ್ರಕ್ಚರಲ್ ಕನ್ಸಲ್ಟೆಂಟ್ ಇರ್ತಾನೆ, ಲ್ಯಾಬ್ ರಿಪೋರ್ಟ್ ಇರತ್ತೆ, ಇಂಜಿನಿಯರನ್ನೇ ಕಾಣದೆ ಬರೀ ಮೇಸ್ತ್ರಿ ಅಂದಾಜಿನ ಮೇಲೆ ಏಳೋದು ಈ 20×30, 30×40 ಬಿಲ್ಡಿಂಗ್‌ಗಳೇ. ಸರ್ಕಾರ ಫೀಸ್ ಮನ್ನಾ ಮಾಡ್ಲಿ, ಸೆಟ್‌ಬ್ಯಾಕಲ್ಲಿ ಅರ್ಧ ಅಡಿ ಬಿಟ್ಟುಕೊಡ್ಲಿ, ನಂಗೆ ಬೇಜಾರಿಲ್ಲ. ಪಾಯ ನೋಡೋ ಕಣ್ಣನ್ನ ಮಾತ್ರ ಮನ್ನಾ ಮಾಡ್ಬಾರ್ದು.

ವಿನಾಯಿತಿ ರಾಜಕೀಯ ನಮಗೆ ಹೊಸದೇನಲ್ಲ. ಅಕ್ರಮ ಸಕ್ರಮ ಅಂತ 2007ರಿಂದ ನಡ್ಕೊಂಡು ಬಂದು, 2014ರಲ್ಲಿ ನಿಯಮ ಆಗಿ, ವಾಸದ ಕಟ್ಟಡಕ್ಕೆ ಶೇ. 50, ವಾಣಿಜ್ಯ ಕಟ್ಟಡಕ್ಕೆ ಶೇ. 25ರವರೆಗಿನ ಉಲ್ಲಂಘನೆಗೆ ದಂಡ ಕಟ್ಟಿಸ್ಕೊಂಡು ಸಕ್ರಮ ಮಾಡೋದು ಅಂತಾಯ್ತು, 2016ರ ಡಿಸೆಂಬರಲ್ಲಿ ಹೈಕೋರ್ಟ್ ಎತ್ತಿ ಹಿಡೀತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಡ್ತು. ಇಷ್ಟು ವರ್ಷದ ಚರ್ಚೆಯಲ್ಲಿ ದಂಡ ಎಷ್ಟು, ಕಟ್ ಆಫ್ ದಿನಾಂಕ ಯಾವುದು ಅಂತ ಜನ ಲೆಕ್ಕವಿಲ್ಲದಷ್ಟು ಕೇಳಿದಾರೆ, ಸಕ್ರಮ ಆಗೋ ಕಟ್ಟಡದ ಪಿಲ್ಲರ್ ತಡ್ಕೊಳತ್ತಾ ಅಂತ ಕೇಳಿದ್ದು ನಾನಂತೂ ಅಪರೂಪಕ್ಕೆ ನೋಡಿದೀನಿ. ಟರ್ಕಿಯಲ್ಲಿ ಇದೇ ದಾರಿ ಎಲ್ಲಿಗೆ ಹೋಯ್ತು ಅಂತ ಲೋಕ ನೋಡಿದೆ. 2018ರಲ್ಲಿ ಚುನಾವಣೆಗೆ ಮುಂಚೆ ಅಲ್ಲಿನ ಸರ್ಕಾರ ಫೀಸ್ ಕಟ್ಟಿ ಓನರೇ ಬರ್ಕೊಟ್ರೆ ಸಾಕು ಅಂತ ಅಕ್ರಮ ಕಟ್ಟಡಗಳನ್ನ ಸಕ್ರಮ ಮಾಡ್ತು, 2019ರಲ್ಲಿ ಅಧ್ಯಕ್ಷ ಎರ್ಡೋಗಾನ್ ಕಹ್ರಮನ್ಮರಶ್ ಊರಿನ ಸಭೆಯಲ್ಲಿ ಇಲ್ಲಿಯ ಒಂದು ಲಕ್ಷದ ನಲವತ್ನಾಲ್ಕು ಸಾವಿರ ಜನರ ಸಮಸ್ಯೆ ಬಗೆಹರಿಸಿದ್ವಿ ಅಂತ ಹೆಮ್ಮೆಯಿಂದ ಹೇಳ್ಕೊಂಡ್ರು. 2023ರ ಫೆಬ್ರವರಿ 6ಕ್ಕೆ ಭೂಕಂಪ ಆಗಿ ಆ ಊರೂ ಸೇರಿ ಟರ್ಕಿಯಲ್ಲಿ 50 ಸಾವಿರಕ್ಕೂ ಹೆಚ್ಚು ಜನ ಸತ್ರು, ಆಗ ಅದೇ ಹಳೇ ಭಾಷಣದ ವಿಡಿಯೋನ ಜನ ಹುಡುಕಿ ತೆಗೆದು ಜಾಲತಾಣದಲ್ಲಿ ಹಂಚಿದ್ರು. ಬೆಂಗಳೂರಿಗೆ ಅಷ್ಟು ಭೂಕಂಪದ ಭಯ ಇಲ್ಲ ನಿಜ, ಆದ್ರೆ ಬಾಬುಸಾಪಾಳ್ಯಕ್ಕೆ ಧಾರವಾಡಕ್ಕೆ ಭೂಕಂಪ ಬೇಕಾಗ್ಲಿಲ್ಲ. 1983ರಲ್ಲಿ ಕಪಾಲಿ ಟಾಕೀಸ್ ಹತ್ರ ಗಂಗಾರಾಂ ಬಿಲ್ಡಿಂಗ್ ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತಾಗ್ಲೂ ಭೂಕಂಪ ಆಗಿರ್ಲಿಲ್ಲ.

ಜನ ಒಟ್ಟಾಗಿ ಸರಿಯಾದ್ದನ್ನ ಕೇಳಿದ್ರೆ ಏನಾಗತ್ತೆ ಅನ್ನೋದಕ್ಕೆ ನೋಯ್ಡಾ ಇದೆ. ಅವಳಿ ಟವರ್ ಉರುಳಿಸಿದ ವಿಡಿಯೋ ನೀವೂ ನೋಡಿರ್ತೀರ, 2022ರ ಆಗಸ್ಟ್ 28. ಆ ಎಂಟು ಹತ್ತು ಸೆಕೆಂಡಿನ ಹಿಂದೆ ಪಕ್ಕದ ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘ ವರ್ಷಗಟ್ಟಲೆ ಕೋರ್ಟು ಅಲೆದಿತ್ತು, ಅವ್ರ ಮುಖ್ಯ ವಾದಗಳಲ್ಲೊಂದು ಎರಡು ಕಟ್ಟಡದ ನಡುವೆ ಇರ್ಬೇಕಾದ ಕನಿಷ್ಠ ಅಂತರ ಬಿಟ್ಟಿಲ್ಲ ಅನ್ನೋದು. ನಾವು ಕಾಗದದ ಕಿರಿಕಿರಿ ಅಂತ ಬೈಯೋ ಸೆಟ್‌ಬ್ಯಾಕಿನ ದೊಡ್ಡಣ್ಣ ಅದು. 2014ರಲ್ಲಿ ಅಲಹಾಬಾದ್ ಹೈಕೋರ್ಟ್, 2021ರಲ್ಲಿ ಸುಪ್ರೀಂ ಕೋರ್ಟ್ ಅವ್ರ ಪರ ನಿಂತ್ವು. ಅಷ್ಟು ದೂರ ಹೋಗೋದೂ ಬೇಡ, ನಿಮ್ಮ ಏರಿಯಾ ವಾಟ್ಸಾಪ್ ಗ್ರೂಪಲ್ಲಿ ಒಂದು ಬಿಲ್ಡಿಂಗ್ ಏಳ್ತಿದೆ ಅಂದ್ರೆ ಪ್ಲಾನ್ ಬೋರ್ಡ್ ಎಲ್ಲಿ ಹಾಕಿದೀರ, ಎಷ್ಟು ಫ್ಲೋರಿಗೆ ಸ್ಯಾಂಕ್ಷನ್ ಅಂತ ಮರ್ಯಾದೆಯಾಗಿ ಕೇಳ್ಬಹುದು, ಸುಪ್ರೀಂ ಕೋರ್ಟೇ ಅದನ್ನ ಕಡ್ಡಾಯ ಮಾಡಿದೆ. ಐದನೇ ಫ್ಲೋರ್ ಏರಿದ ಮೇಲೆ ಬೈಯೋದಕ್ಕಿಂತ ಮೊದಲನೇ ಫ್ಲೋರಲ್ಲಿ ಕೇಳೋದು ಸುಲಭ, ಪಕ್ಕದ ಮನೆಯೋರ ಜೊತೆ ಮನಸ್ತಾಪನೂ ಕಡಿಮೆ.

ಈಗ ನೀವೇನ್ ಮಾಡ್ಬೇಕು ಅಂತ. ಮೂರನೇ ಫ್ಲೋರ್ ಮುಂದೆ ಹಾಕೋ ಆಸೆ ಇದ್ರೆ ಇವತ್ತೇ ಹೇಳಿ, ಫುಟಿಂಗೂ ಪಿಲ್ಲರೂ ಇವತ್ತೇ ಅಷ್ಟಕ್ಕೆ ಡಿಸೈನ್ ಆಗ್ಲಿ, ಪ್ಲಾನೂ ಅಷ್ಟಕ್ಕೇ ಸ್ಯಾಂಕ್ಷನ್ ಆಗ್ಲಿ. ಗ್ರೌಂಡ್ ಪ್ಲಸ್ ಎರಡರ ಮೇಲೆ ಇನ್ನೊಂದು ಏರಿಸಿದ್ರೆ ಆ ಓಸಿ ವಿನಾಯಿತಿಯಿಂದಲೂ ನೀವು ಹೊರಗೆ ಹೋಗ್ತೀರ, ನೆನಪಿರ್ಲಿ. ಬೆಂಗಳೂರಲ್ಲಿ ನಂಬಿಕೆ ನಕ್ಷೆ ಅಂತ ಇದೆ, 50×80ರವರೆಗಿನ ಸೈಟಿಗೆ ನೋಂದಾಯಿತ ಆರ್ಕಿಟೆಕ್ಟ್, ಇಂಜಿನಿಯರ್ ಮೂಲಕನೇ ತಾತ್ಕಾಲಿಕ ನಕ್ಷೆ ಮಂಜೂರಾತಿ ಸಿಗತ್ತೆ, ಆಫೀಸ್ ಅಲೆಯೋದು ತಪ್ಪತ್ತೆ. ಆದ್ರೆ ಆ ಇಂಜಿನಿಯರ್ ಕಾಗದಕ್ಕೆ ಸಹಿ ಹಾಕಿ ಹೋಗೋನಾ, ಸೈಟಿಗೆ ಬರೋನಾ ಅಂತ ದುಡ್ಡು ಕೊಡೋಕೆ ಮುಂಚೆ ಮಾತಾಡ್ಕೊಳಿ, ಎಷ್ಟು ಸಲ ಬರ್ತಾನೆ ಅಂತ ಬರವಣಿಗೇಲಿ ತಗೊಳಿ.

ಮಣ್ಣು ಪರೀಕ್ಷೆ ಬಿಡ್ಬೇಡಿ. ಪಕ್ಕದ ಮನೆಗೆ ಐದಡಿ ಪಾಯ ಸಾಕಾಯ್ತು ಅಂತ ನಿಮಗೂ ಸಾಕಾಗತ್ತೆ ಅಂತಿಲ್ಲ, ಬೆಂಗಳೂರಲ್ಲಿ ಎಷ್ಟೋ ಲೇಔಟು ಹಳೇ ಕೆರೆ ಅಂಗಳ, ರಾಜಕಾಲುವೆ ಪಕ್ಕ, ಕಲ್ಲುಕ್ವಾರಿ ಮುಚ್ಚಿದ ಜಾಗದ ಮೇಲಿದಾವೆ, ಒಂದೇ ಬೀದಿಯ ಈ ತುದೀಲಿ ಗಟ್ಟಿ ಕೆಂಪು ಮಣ್ಣು, ಆ ತುದೀಲಿ ತುಂಬಿದ ಮಣ್ಣು ಸಿಗತ್ತೆ. ಫುಟಿಂಗ್ ಕಂಬಿ ಕಟ್ಟಿದ ದಿನ ನೀವೇ ಹೋಗಿ ನೋಡಿ, ಡ್ರಾಯಿಂಗಲ್ಲಿ 16 ಎಂಎಂ ಅಂತಿದ್ರೆ 12 ಎಂಎಂ ಹಾಕಿದಾರಾ, ಎಷ್ಟು ಕಂಬಿ, ಪಿಲ್ಲರ್ ಕಂಬಿಗಳನ್ನ ಸುತ್ತಿ ಹಿಡಿಯೋ ರಿಂಗು ಎಷ್ಟು ದೂರಕ್ಕೊಂದು, ರಿಂಗಿನ ತುದಿ ಒಳಕ್ಕೆ ಚೆನ್ನಾಗಿ ಮಡಚಿದಾರಾ ಅಂತ, ನಾನಂತೂ 135 ಡಿಗ್ರಿ ಮಡಚದೇ ಇದ್ರೆ ಬಾರ್ ಬೆಂಡರ್ ಹತ್ರ ಮತ್ತೆ ಮಾಡಿಸ್ತೀನಿ. ಕವರ್ ಬ್ಲಾಕ್ ಇಲ್ದೆ ಜಲ್ಲಿ ಚೂರು ಇಟ್ಟು ಕಂಬಿ ಎತ್ತೋಕೆ ಬಿಡ್ಬೇಡಿ, ಫುಟಿಂಗಿಗೆ 50 ಎಂಎಂ, ಪಿಲ್ಲರಿಗೆ 40 ಎಂಎಂ ಕವರ್, ಅಂದ್ರೆ ಕಂಬಿಯಿಂದ ಹೊರಗಿನವರೆಗೆ ಅಷ್ಟು ದಪ್ಪ ಕಾಂಕ್ರೀಟ್ ಬೇಕು. ಕಾಂಕ್ರೀಟ್ ಹಾಕೋವಾಗ ಸುಲಭವಾಗಿ ಹರೀಲಿ ಅಂತ ಪೈಪಲ್ಲಿ ನೀರು ಬಿಡೋದು ಕಂಡ್ರೆ ಕೆಲಸ ನಿಲ್ಲಿಸಿ, ಅಲ್ಲೇ ನಿಮ್ಮ ಅರ್ಧ ಶಕ್ತಿ ಹೋಗತ್ತೆ. ಅದೇ ಕಾಂಕ್ರೀಟಲ್ಲಿ ಒಂದಾರು ಕ್ಯೂಬ್ (ಪರೀಕ್ಷೆಯ ಚೌಕ ಅಚ್ಚು) ತುಂಬಿಸಿ ಲ್ಯಾಬಿಗೆ ಕಳ್ಸಿ, ಎಂ 20 ಗ್ರೇಡಿನ ಕಾಂಕ್ರೀಟ್ ಅಂದ್ರೆ 28 ದಿನಕ್ಕೆ ಒಂದು ಚದರ ಮಿಲಿಮೀಟರಿಗೆ 20 ನ್ಯೂಟನ್ ಒತ್ತಡ ತಡ್ಕೊಳ್ಬೇಕು, ಒಂದು ಬಾಗಿಲಿನ ಖರ್ಚಿಗಿಂತ ಕಡಿಮೆ ದುಡ್ಡಲ್ಲಿ ಆಗೋ ಕೆಲಸ ಇದು. ಕ್ಯೂರಿಂಗು (ಕಾಂಕ್ರೀಟನ್ನ ನೀರು ಹಾಕಿ ಒದ್ದೆಯಾಗಿ ಇಡೋದು) ಈಗಿನ ಪಿಪಿಸಿ (ಹಾರುಬೂದಿ ಬೆರೆತ) ಸಿಮೆಂಟಿಗೆ ಹತ್ತು ದಿನಕ್ಕೆ ಕಡಿಮೆ ಬೇಡ.

ಸೆಂಟ್ರಿಂಗ್ (ಕಾಂಕ್ರೀಟ್ ಗಟ್ಟಿಯಾಗೋ ತನಕ ಕೆಳಗಿಂದ ಹಿಡಿದಿರೋ ಶೀಟು, ಜಾಕು) ಬಿಚ್ಚೋ ವಿಷ್ಯದಲ್ಲಿ ಮೇಸ್ತ್ರಿ ಖಂಡಿತ ಅವಸರ ಮಾಡ್ತಾರೆ, ಶೀಟು ಜಾಕು ಬಾಡಿಗೆದು, ಇನ್ನೊಂದು ಸೈಟಿಗೆ ಬೇಕು ಅಂತ. 4.5 ಮೀಟರ್‌ವರೆಗಿನ ಸ್ಲಾಬಿಗೆ ಕನಿಷ್ಠ ಏಳು ದಿನ, ಅದಕ್ಕಿಂತ ಅಗಲ ಇದ್ರೆ 14 ದಿನ, ಬೀಮ್ ಕೆಳಗಿನ ಜಾಕಿಗೆ 14 ದಿನ, ಆರು ಮೀಟರ್ ದಾಟಿದ್ರೆ 21 ದಿನ ಬಿಡ್ಬೇಕು ಅಂತ ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಹೇಳತ್ತೆ, ಮಳೆಗಾಲದ ಚಳಿಗಾಲದ ತಂಪಲ್ಲಿ ಇನ್ನೂ ಎರಡು ದಿನ ಜಾಸ್ತಿ ಬಿಟ್ರೆ ಒಳ್ಳೇದು. ಮೇಲಿನ ಮೋಲ್ಡ್ ಹಾಕೋವಾಗ ಕೆಳಗಿನ ಫ್ಲೋರಿನ ಜಾಕ್ ಪೂರ್ತಿ ತೆಗೆದಿರ್ಬಾರ್ದು, ಹಸಿ ಕಾಂಕ್ರೀಟಿನ ತೂಕ ಎಲ್ಲ ಕೆಳಗಿನ ಎಳೇ ಸ್ಲಾಬ್ ಮೇಲೇ ಕೂರತ್ತೆ. ಆ ಹದಿನಾಲ್ಕು ದಿನದ ಬಾಡಿಗೆ ಯಾರು ಕೊಡ್ಬೇಕು ಅಂತ ಕಾಂಟ್ರಾಕ್ಟಲ್ಲೇ ಬರೆಸಿಬಿಡಿ, ಆಮೇಲೆ ಜಗಳ ಆಗಲ್ಲ. ಮೋಲ್ಡ್ ಆದ ಮೇಲೆ ಕೆಲಸದೋರ ಸಂಸಾರ ಅದ್ರ ಕೆಳಗೇ ಮಲಗೋಕೆ ಬರತ್ತೆ, ನೆರಳಿದೆಯಲ್ಲ ಅಂತ. ಅವ್ರಿಗೆ ಸೈಟ್ ಮುಂದೆ ಬೇರೆ ಒಂದು ಶೆಡ್ ಹಾಕಿಸ್ಕೊಡಿ.